ತುಪ್ಪ ಯಾವ ಉಷ್ಣತೆಯಲ್ಲಿ ಕರಗುತ್ತದೆ?

ಬಿಸಿ ಅನ್ನದ ಮೇಲೆ ಬಡಿಸಿದ ಹೆರೆತ ತುಪ್ಪ ನೋಡನೋಡುತ್ತಿದ್ದಂತೆ ತಿಳಿಯಾಗಿ ಹರಿಯುತ್ತದೆ. ಪಾನಕದ ಲೋಟದಲ್ಲಿ ತೇಲುವ ಮಂಜುಗಡ್ಡೆ ಸಣ್ಣದಾಗುತ್ತ ಹೋಗಿ ಮಾಯವಾಗುತ್ತದೆ. ಮಗುವಿನ ಅಂಗೈಯಲ್ಲಿರುವ ಚಾಕೊಲೇಟು ಬಾಯಿ ಸೇರುವ ಮೊದಲೇ ಮೆತ್ತಗಾಗಿ ಬೆರಳುಗಳಿಗೆ ಅಂಟಿಕೊಳ್ಳುತ್ತದೆ. ಇವೆಲ್ಲವೂ ಘನವಸ್ತುವು ದ್ರವವಾಗುವ ಕ್ರಿಯೆಗಳು. ಇವನ್ನು ನೋಡದವರು ಯಾರೂ ಇಲ್ಲ. ಆದರೂ ಈ ಸಾಮಾನ್ಯವಾದ ಕ್ರಿಯೆಯನ್ನು ಸರಿಯಾಗಿ ಅಳೆಯಲು ಹೊರಟಾಗ ಎಂತಹ ತೊಡಕುಗಳು ಎದುರಾಗುತ್ತವೆ, ಆ ತೊಡಕುಗಳೇ ನಮಗೆ ಏನನ್ನು ಕಲಿಸುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ಇದಕ್ಕೆ ಬೇಕಾದ ಪ್ರಯೋಗಶಾಲೆ ನಮ್ಮ ಅಡುಗೆಯ ಮನೆಯೇ. ಒಂದು ಉಷ್ಣಮಾಪಕ, ಎರಡು ಮೂರು ಗಾಜಿನ ನಳಿಕೆಗಳು, ಒಂದು ಗಡಿಯಾರ, ಇಷ್ಟಿದ್ದರೆ ಸಾಕು.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಸಮೀಪದ ಒಂದು ಪ್ರೌಢಶಾಲೆಯ ಮಕ್ಕಳಿಗೆ ಒಂದು ದಿನದ ಮಟ್ಟಿಗೆ ಪ್ರಯೋಗ ಪಾಠವನ್ನು ಮಾಡಬೇಕೆಂದು ನನ್ನನ್ನು ಕರೆದಿದ್ದರು. ನಾನು ಪಠ್ಯಪುಸ್ತಕದ ಮಾತಿನಿಂದಲೇ ಆರಂಭಿಸಿದೆನು: "ಪ್ರತಿಯೊಂದು ಘನವಸ್ತುವಿಗೂ ಒಂದು ನಿಶ್ಚಿತವಾದ ದ್ರವನಬಿಂದು ಉಂಟು." ಅನಂತರ ಮಕ್ಕಳನ್ನು ಮೂರು ಗುಂಪುಗಳಾಗಿ ಮಾಡಿ, ಒಂದೇ ಡಬ್ಬಿಯಿಂದ ತೆಗೆದ ತುಪ್ಪವನ್ನು ಅವರಿಗೆ ಹಂಚಿ, ಅದರ ದ್ರವನಬಿಂದುವನ್ನು ಕಂಡುಹಿಡಿಯಲು ಹೇಳಿದೆನು. ಅರ್ಧ ಗಂಟೆಯ ಮೇಲೆ ಮೂರು ಉತ್ತರಗಳು ಬಂದವು: ೨೯° ಸೆ., ೩೫° ಸೆ., ೩೮° ಸೆ. ನಾನು ಹೆಚ್ಚು ಯೋಚಿಸದೆ, "ಅಳತೆಯಲ್ಲಿ ಇಂತಹ ದೋಷಗಳು ಸಹಜ, ಮೂರರ ಸರಾಸರಿಯನ್ನು ತೆಗೆಯಿರಿ" ಎಂದೆನು. ಸರಾಸರಿ ೩೪° ಎಂದಾಯಿತು. ಆಗ ಮೂರನೆಯ ಗುಂಪಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ೩೪ರಲ್ಲಿ ನಮ್ಮ ನಳಿಕೆಯಲ್ಲಿ ಇನ್ನೂ ಹರಳುಗಳಿದ್ದವು. ಮೊದಲನೆಯ ಗುಂಪಿನವರ ತುಪ್ಪ ಅಷ್ಟು ಹೊತ್ತಿಗೆ ಹರಿದು ಹೋಗಿತ್ತು. ಹಾಗಾದರೆ ೩೪ರಲ್ಲಿ ನಿಜವಾಗಿ ಏನು ನಡೆಯಿತು?"

ನನ್ನಲ್ಲಿ ಉತ್ತರವಿರಲಿಲ್ಲ. ೩೪°ಯಲ್ಲಿ ವಿಶೇಷವಾಗಿ ಏನೂ ನಡೆದಿರಲಿಲ್ಲ. ಆ ಸಂಖ್ಯೆಯನ್ನು ಯಾರೂ ಕಂಡಿರಲಿಲ್ಲ. ನಾನು ಅದನ್ನು ಲೆಕ್ಕದಿಂದ ಹುಟ್ಟಿಸಿದ್ದೆನು. ಆ ಹುಡುಗಿಯ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವೇ ಈ ಲೇಖನ.

ಒಂದು ಮಾತು, ಎರಡು ಅರ್ಥ

ಪ್ರಯೋಗಕ್ಕೆ ತೊಡಗುವ ಮೊದಲು ನಮ್ಮ ಭಾಷೆಯಲ್ಲಿರುವ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಬೆಣ್ಣೆ ಬಾಣಲೆಯಲ್ಲಿ "ಕರಗಿತು" ಎನ್ನುತ್ತೇವೆ. ಸಕ್ಕರೆ ಕಾಫಿಯಲ್ಲಿ "ಕರಗಿತು" ಎಂದೂ ಹೇಳುತ್ತೇವೆ. ಮಾತು ಒಂದೇ ಆದರೂ ಕ್ರಿಯೆಗಳು ಬೇರೆ ಬೇರೆ. ಬೆಣ್ಣೆಗೆ ಬೇಕಾದುದು ಶಾಖ ಮಾತ್ರ. ಸಕ್ಕರೆಗೆ ಬೇಕಾದುದು ನೀರು. ಸಕ್ಕರೆಯ ಕಣಗಳು ನೀರಿನ ಕಣಗಳ ನಡುವೆ ಚದರಿಹೋಗುತ್ತವೆ. ತಣ್ಣೀರಿನಲ್ಲಿಯೂ ಈ ಕೆಲಸ ನಡೆಯುತ್ತದೆ. ಮೊದಲನೆಯದನ್ನು ದ್ರವಿಸುವಿಕೆ ಎಂದೂ ಎರಡನೆಯದನ್ನು ವಿಲೀನವಾಗುವಿಕೆ ಎಂದೂ ಕರೆದರೆ ಗೊಂದಲ ತಪ್ಪುತ್ತದೆ. ಕಿರಿಯ ಮಕ್ಕಳಿಗೆ ಪಾಠ ಹೇಳುವವರು ಈ ಭೇದವನ್ನು ಮೊದಲ ದಿನವೇ ತಿಳಿಸುವುದು ಒಳ್ಳೆಯದು. "ಬಾಯಲ್ಲಿ ಇಟ್ಟ ಕಲ್ಲುಸಕ್ಕರೆ ಕರಗಿತು, ಬಾಯಲ್ಲಿ ಇಟ್ಟ ಚಾಕೊಲೇಟೂ ಕರಗಿತು. ಇವೆರಡೂ ಒಂದೆಯೆ?" ಎಂದು ಕೇಳಿ ನೋಡಿ. ಕಲ್ಲುಸಕ್ಕರೆ ಉಗುಳಿನಲ್ಲಿ ವಿಲೀನವಾಯಿತು. ಚಾಕೊಲೇಟಿನಲ್ಲಿರುವ ಕೊಬ್ಬು ಬಾಯಿಯ ಬಿಸಿಗೆ ದ್ರವಿಸಿತು.

ಮೊದಲನೆಯ ಪ್ರಯೋಗ: ಮಂಜುಗಡ್ಡೆ

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ ಚೂರುಮಾಡಿ, ಒಂದು ಲೋಟದಲ್ಲಿ ತುಂಬಿ, ಅದರ ನಡುವೆ ಉಷ್ಣಮಾಪಕವನ್ನು ಇರಿಸಿ. ಎರಡು ನಿಮಿಷಕ್ಕೊಮ್ಮೆ ಕಲಕಿ ಉಷ್ಣತೆಯನ್ನು ಬರೆದುಕೊಳ್ಳಿ. ಶೀತಕಪೆಟ್ಟಿಗೆಯಿಂದ ಈಗತಾನೆ ತೆಗೆದ ಗಡ್ಡೆಯ ಉಷ್ಣತೆ ಶೂನ್ಯಕ್ಕಿಂತ ಬಹಳ ಕೆಳಗಿರುತ್ತದೆ. ಅದು ಬೇಗ ಬೇಗ ಏರಿ ೦°ಗೆ ಬಂದು ನಿಲ್ಲುತ್ತದೆ. ಆಮೇಲೆ ಹತ್ತು ನಿಮಿಷ ಕಳೆದರೂ, ಇಪ್ಪತ್ತು ನಿಮಿಷ ಕಳೆದರೂ, ಚೂರುಗಳು ನೀರಿನಲ್ಲಿ ಉಳಿದಿರುವವರೆಗೆ ಪಾದರಸ ಮೇಲಕ್ಕೆ ಕದಲುವುದಿಲ್ಲ. ಕೊನೆಯ ಚೂರು ಮಾಯವಾದ ಮೇಲೆಯೇ ಉಷ್ಣತೆ ಮತ್ತೆ ಏರತೊಡಗುತ್ತದೆ.

ಸುತ್ತಲಿನ ಗಾಳಿಯಿಂದ ಶಾಖವು ಒಳಕ್ಕೆ ಬರುತ್ತಲೇ ಇರುತ್ತದೆ. ಆದರೂ ಉಷ್ಣತೆ ಏರುವುದಿಲ್ಲ. ಈ ಶಾಖ ಎಲ್ಲಿ ಹೋಯಿತು? ಗ್ಲಾಸ್ಗೊ ನಗರದಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್ ೧೭೬೦ರ ದಶಕದ ಆರಂಭದಲ್ಲಿ ಇದೇ ಪ್ರಶ್ನೆಯನ್ನು ಕೇಳಿಕೊಂಡನು. ಹಿಮವು ೦°ಯನ್ನು ಮುಟ್ಟಿದ ಕೂಡಲೇ ಒಟ್ಟಿಗೆ ನೀರಾಗುವಂತಿದ್ದರೆ ವಸಂತಕಾಲದ ಮೊದಲ ಬಿಸಿಲಿಗೇ ಬೆಟ್ಟಗಳಿಂದ ಭಯಂಕರವಾದ ಪ್ರವಾಹಗಳು ಇಳಿದು ಬರಬೇಕಾಗಿತ್ತು. ಹಾಗೆ ಆಗುವುದಿಲ್ಲ. ಹಿಮ ವಾರಗಟ್ಟಲೆ ನಿಧಾನವಾಗಿ ಕರಗುತ್ತದೆ. ಉಷ್ಣಮಾಪಕದಲ್ಲಿ ಕಾಣಿಸಿಕೊಳ್ಳದ ಈ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. ಒಂದು ಗ್ರಾಂ ಮಂಜುಗಡ್ಡೆಯನ್ನು ೦°ಯಲ್ಲಿಯೇ ನೀರಾಗಿಸಲು ಸುಮಾರು ೮೦ ಕೆಲೊರಿ, ಅಂದರೆ ಸುಮಾರು ೩೩೪ ಜೂಲ್, ಶಾಖ ಬೇಕು. ಇಷ್ಟೇ ಶಾಖವನ್ನು ಅದೇ ಒಂದು ಗ್ರಾಂ ನೀರಿಗೆ ಕೊಟ್ಟರೆ ಅದು ೦°ಯಿಂದ ೮೦°ವರೆಗೆ ಕಾಯುತ್ತದೆ.

ಈ ಶಾಖ ಮಾಡುವ ಕೆಲಸವನ್ನು ಹೀಗೆ ಭಾವಿಸಬಹುದು. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಪಂಕ್ತಿಯಲ್ಲಿ ಕುಳಿತ ಊಟಗಾರರಂತೆ ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ. ಕುಳಿತಲ್ಲಿಯೇ ಅಲುಗಾಡುತ್ತವೆ, ಏಳುವುದಿಲ್ಲ. ೦°ಯಲ್ಲಿ ಒಳಬರುವ ಶಾಖವು ಅಲುಗಾಟವನ್ನು ಹೆಚ್ಚಿಸುವುದಕ್ಕಲ್ಲ, ಅಣುಗಳನ್ನು ಪಂಕ್ತಿಯಿಂದ ಎಬ್ಬಿಸುವುದಕ್ಕೆ ವೆಚ್ಚವಾಗುತ್ತದೆ. ಎಲ್ಲ ಅಣುಗಳೂ ಒಂದೇ ಬಗೆಯವು, ಎಲ್ಲವನ್ನೂ ಹಿಡಿದಿರುವ ಕಟ್ಟೂ ಒಂದೇ ಬಗೆಯದು; ಆದುದರಿಂದ ಅವೆಲ್ಲವೂ ಒಂದೇ ಉಷ್ಣತೆಯಲ್ಲಿ ಬಿಡಿಸಿಕೊಳ್ಳುತ್ತವೆ. "ನಿಶ್ಚಿತವಾದ ದ್ರವನಬಿಂದು" ಎಂಬ ಮಾತಿನ ಗುಟ್ಟು ಇದೇ. "ಎಲ್ಲವೂ ಒಂದೇ ಬಗೆಯವು" ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಡತಕ್ಕದ್ದು.

ಎರಡನೆಯ ಪ್ರಯೋಗ: ಕೊಬ್ಬರಿ ಎಣ್ಣೆ

ಕೊಬ್ಬರಿ ಎಣ್ಣೆ ಬೆಂಗಳೂರಿನಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಡಿಸೆಂಬರ್ ತಿಂಗಳ ಬೆಳಗಿನಲ್ಲಿ ಬಿಳಿಯ ಗಟ್ಟಿಯಾಗಿ ಶೀಸೆಯ ಬಾಯಿಂದ ಇಳಿಯಲು ಒಪ್ಪುವುದಿಲ್ಲ. ಅದೇ ಎಣ್ಣೆ ಮಂಗಳೂರಿನಲ್ಲಿ ವರ್ಷದ ಬಹುಭಾಗ ದ್ರವವಾಗಿಯೇ ಇರುತ್ತದೆ. ಇದರಿಂದಲೇ ಅದರ ದ್ರವನಬಿಂದು ಈ ಊರುಗಳ ಚಳಿಗಾಲದ ಉಷ್ಣತೆಗಳ ನಡುವೆ ಎಲ್ಲಿಯೋ ಇರಬೇಕೆಂದು ಊಹಿಸಬಹುದು.

ಒಂದು ನಳಿಕೆಯಲ್ಲಿ ಎಣ್ಣೆಯನ್ನು ಹಾಕಿ, ಉಷ್ಣಮಾಪಕವನ್ನು ಅದರಲ್ಲಿ ನಿಲ್ಲಿಸಿ, ಶೀತಕಪೆಟ್ಟಿಗೆಯಲ್ಲಿಟ್ಟು ಗಟ್ಟಿಮಾಡಿ. ಬಳಿಕ ಹೊರಗೆ ತೆಗೆದು ಸುಮಾರು ೩೦°ಯ ನೀರಿನಲ್ಲಿ ಇರಿಸಿ, ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಳ್ಳಿ. ಮೊದಲು ಉಷ್ಣತೆ ಬೇಗ ಏರುತ್ತದೆ. ೨೩°ಯ ಸಮೀಪದಲ್ಲಿ ಏರಿಕೆ ಮಂದವಾಗುತ್ತದೆ. ೨೫° ಅಥವಾ ೨೬°ಗೆ ಬರುವ ಹೊತ್ತಿಗೆ ಎಣ್ಣೆ ಪಾರದರ್ಶಕವಾಗುತ್ತದೆ. ಬರೆದುಕೊಂಡ ಅಂಕಗಳನ್ನು ಚೌಕಳಿ ಕಾಗದದ ಮೇಲೆ ಗುರುತಿಸಿ ರೇಖೆ ಎಳೆದರೆ ಮಂಜುಗಡ್ಡೆಗೂ ಎಣ್ಣೆಗೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮಂಜುಗಡ್ಡೆಯ ರೇಖೆ ೦°ಯಲ್ಲಿ ಮೆಟ್ಟಿಲಿನಂತೆ ಸಪಾಟಾಗಿತ್ತು. ಎಣ್ಣೆಯ ರೇಖೆ ಅಲ್ಲಿ ಸ್ವಲ್ಪ ಓರೆಯಾಗಿದೆ. ಮೆಟ್ಟಿಲಿನ ಬದಲು ಸಣ್ಣ ಇಳಿಜಾರು ದೊರಕಿತು ಎನ್ನಬಹುದು.

ಎಣ್ಣೆಯನ್ನು ತಣಿಸುವಾಗ ಇನ್ನೊಂದು ಸಂಗತಿ ಕಾಣಬಹುದು. ನಿಶ್ಚಲವಾಗಿಟ್ಟ ಎಣ್ಣೆ ೨೪°ಗಿಂತ ಕೆಳಗೆ ಇಳಿದರೂ ಕೆಲವು ವೇಳೆ ದ್ರವವಾಗಿಯೇ ಇರುತ್ತದೆ. ಹರಳು ಹುಟ್ಟಲು ಅದಕ್ಕೆ ಒಂದು ನೆಪ ಬೇಕು. ಆದುದರಿಂದ ಘನೀಭವನದ ಉಷ್ಣತೆಯನ್ನು ನೋಡಿ ದ್ರವನಬಿಂದುವನ್ನು ನಿರ್ಧರಿಸುವವರು ಮೋಸಹೋಗಬಹುದು. ಕಾಯಿಸುತ್ತ ಹೋಗಿ ಅಳೆಯುವುದೇ ಹೆಚ್ಚು ನಂಬಿಕೆಗೆ ಅರ್ಹವಾದ ಮಾರ್ಗ.

ಮೂರನೆಯ ಪ್ರಯೋಗ: ತುಪ್ಪ

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಮರಳುಮರಳಾಗಿ ಹೆರೆತ ತುಪ್ಪವನ್ನು ನಳಿಕೆಗೆ ತುಂಬಿ, ೨೦°ಯ ನೀರಿನಲ್ಲಿಟ್ಟು, ನೀರನ್ನು ನಿಮಿಷಕ್ಕೆ ಒಂದು ಡಿಗ್ರಿಗಿಂತ ವೇಗವಾಗಿ ಏರದಂತೆ ಕಾಯಿಸಿ. ನೀರನ್ನು ಕಲಕುತ್ತಿರಿ. ಆತುರಪಟ್ಟರೆ ಹೊರಗಿನ ತುಪ್ಪ ಕರಗಿ ಒಳಗಿನದು ತಣ್ಣಗೇ ಉಳಿದು ಅಳತೆ ಕೆಡುತ್ತದೆ.

ಮೂವತ್ತರ ಆಸುಪಾಸಿನಲ್ಲಿ ತುಪ್ಪ ನಳಿಕೆಯ ಗೋಡೆಯನ್ನು ಬಿಟ್ಟು ಜಾರತೊಡಗುತ್ತದೆ. ಆಮೇಲೆ ಹಳದಿಯ ದ್ರವದಲ್ಲಿ ಬಿಳಿಯ ಹರಳುಗಳು ತೇಲಾಡುತ್ತವೆ. ಹರಳುಗಳು ಕ್ರಮೇಣ ವಿರಳವಾಗುತ್ತ ಬಂದು, ಮೂವತ್ತೇಳು, ಮೂವತ್ತೆಂಟು ಡಿಗ್ರಿಗಳ ಹೊತ್ತಿಗೆ ಕೊನೆಯ ಹರಳು ಮಾಯವಾಗುತ್ತದೆ. ಹಸುವಿನದೋ ಎಮ್ಮೆಯದೋ, ದನಕ್ಕೆ ಹಾಕಿದ ಮೇವು ಎಂತಹದು, ತುಪ್ಪವನ್ನು ಹೇಗೆ ತಣಿಸಿದರು ಎಂಬುದರ ಮೇಲೆ ಈ ಅಂಕಗಳು ಒಂದೆರಡು ಡಿಗ್ರಿ ಆಚೀಚೆ ಆಗುತ್ತವೆ. ಆದರೆ ತುಪ್ಪದ ರೇಖೆಯಲ್ಲಿ ಸಪಾಟಾದ ಮೆಟ್ಟಿಲು ಎಲ್ಲಿಯೂ ಸಿಗುವುದಿಲ್ಲ.

ಆ ದಿನ ಮೂರು ಗುಂಪುಗಳು ಮೂರು ಬೇರೆ ಬೇರೆ ಘಟನೆಗಳನ್ನು ನೋಡಿದ್ದವು. ಮೊದಲನೆಯ ಗುಂಪು ತುಪ್ಪ ಜಾರತೊಡಗಿದ ಕ್ಷಣವನ್ನು, ಎರಡನೆಯದು ಹರಳುಗಳು ಬಹುಪಾಲು ಕರಗಿದ ಕ್ಷಣವನ್ನು, ಮೂರನೆಯದು ಕೊನೆಯ ಹರಳು ಕಣ್ಮರೆಯಾದ ಕ್ಷಣವನ್ನು ಗುರುತುಮಾಡಿಕೊಂಡಿತ್ತು. ಯಾರ ಅಳತೆಯೂ ತಪ್ಪಾಗಿರಲಿಲ್ಲ. ತಪ್ಪು ಇದ್ದುದು ನನ್ನ ಪ್ರಶ್ನೆಯಲ್ಲಿ. "ತುಪ್ಪ ಯಾವ ಉಷ್ಣತೆಯಲ್ಲಿ ಕರಗುತ್ತದೆ?" ಎಂದು ಕೇಳಿದಾಗ, ಅದಕ್ಕೆ ಒಂದೇ ಸಂಖ್ಯೆಯ ಉತ್ತರ ಉಂಟೆಂದು ನಾನು ಮೊದಲೇ ನಿರ್ಧರಿಸಿಬಿಟ್ಟಿದ್ದೆನು. ಒಂದೇ ವಸ್ತುವಿನ ಒಂದೇ ಗುಣವನ್ನು ಹಲವು ಸಲ ಅಳೆದಾಗ ಸರಾಸರಿಗೆ ಅರ್ಥವುಂಟು. ಮೂರು ಬೇರೆ ಘಟನೆಗಳ ಸರಾಸರಿ ಯಾವ ಘಟನೆಯನ್ನೂ ತಿಳಿಸುವುದಿಲ್ಲ, ಕಂಡುದನ್ನು ಮುಚ್ಚಿಹಾಕುತ್ತದೆ.

ಒಂದು ತುಪ್ಪ ಎರಡಾದ ಬಗೆ

ಮರುವಾರ ನಾನು ಅದೇ ಶಾಲೆಗೆ ಮತ್ತೆ ಹೋದೆನು. ಈ ಸಲ ಕೈಯಲ್ಲಿ ಕಾಲು ಕಿಲೊ ತುಪ್ಪವೂ ಒಂದು ತೆಳುವಾದ ಶುಭ್ರ ಬಟ್ಟೆಯೂ ಇದ್ದವು. ಆಗ ಮಾಡಿದ ಪ್ರಯೋಗವನ್ನು ವಾಚಕರೂ ಮನೆಯಲ್ಲಿ ಮಾಡಬಹುದು.

ತುಪ್ಪವನ್ನು ಪೂರ್ತಿಯಾಗಿ ಕರಗಿಸಿ, ಆ ಪಾತ್ರೆಯನ್ನು ಬೆಚ್ಚನೆಯ ನೀರಿರುವ ದೊಡ್ಡ ಪಾತ್ರೆಯೊಳಗಿಟ್ಟು, ಕಂಬಳಿಯಿಂದ ಸುತ್ತಿ ರಾತ್ರಿಯೆಲ್ಲ ಬಿಡಬೇಕು. ಕೋಣೆಯ ಉಷ್ಣತೆ ೨೬°ಯಿಂದ ೨೮°ವರೆಗೆ ಇದ್ದರೆ ಬಹಳ ಅನುಕೂಲ. ತುಪ್ಪ ಎಷ್ಟು ನಿಧಾನವಾಗಿ ತಣಿದರೆ ಹರಳುಗಳು ಅಷ್ಟು ದೊಡ್ಡವಾಗುತ್ತವೆ. ಶೀತಕಪೆಟ್ಟಿಗೆಯಲ್ಲಿ ಬೇಗನೆ ತಣಿಸಿದ ತುಪ್ಪ ನುಣ್ಣಗಿರುತ್ತದೆ. ಬೆಳಗ್ಗೆ ನೋಡಿದರೆ ರವೆಯಂತಹ ಹರಳುಗಳೂ ಅವುಗಳ ನಡುವೆ ತಿಳಿಯಾದ ದ್ರವವೂ ಕಾಣುತ್ತವೆ. ಇದನ್ನು ಬಟ್ಟೆಯಲ್ಲಿ ಹಾಕಿ ಹಿಂಡದೆ ತಾನಾಗಿಯೇ ಸೋರಲು ಬಿಡಬೇಕು. ಕೆಳಗಿನ ಪಾತ್ರೆಯಲ್ಲಿ ತಿಳಿತುಪ್ಪ, ಬಟ್ಟೆಯಲ್ಲಿ ಮರಳುತುಪ್ಪ; ಹೀಗೆ ಒಂದು ತುಪ್ಪ ಎರಡಾಗುತ್ತದೆ.

ಎರಡನ್ನೂ ಬೇರೆ ಬೇರೆ ನಳಿಕೆಗಳಲ್ಲಿ ತಣಿಸಿ ಗಟ್ಟಿಮಾಡಿ, ಒಂದೇ ನೀರಿನ ಪಾತ್ರೆಯಲ್ಲಿ ಒಟ್ಟಿಗೆ ಕಾಯಿಸಿ. ತಿಳಿತುಪ್ಪ ಮೂವತ್ತಕ್ಕೆ ಬರುವ ಮೊದಲೇ ಮತ್ತೆ ಹರಿಯುತ್ತದೆ. ಮರಳುತುಪ್ಪವಾದರೋ ನಲವತ್ತರ ಹತ್ತಿರದವರೆಗೂ ಹರಳುಗಳನ್ನು ಬಿಡುವುದಿಲ್ಲ. ಯಾವ ರಾಸಾಯನಿಕ ದ್ರವ್ಯವನ್ನೂ ಬೆರೆಸದೆ, ಬರಿಯ ಒಂದು ಬಟ್ಟೆಯಿಂದ, ತುಪ್ಪವು ಒಂದು ವಸ್ತುವಲ್ಲವೆಂದೂ ಅದು ಹಲವು ಕೊಬ್ಬುಗಳ ಕೂಟವೆಂದೂ ಸಿದ್ಧವಾಯಿತು. ಮೂರನೆಯ ಗುಂಪಿನ ಆ ಹುಡುಗಿ ಎರಡು ನಳಿಕೆಗಳನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಿದ್ದಳು.

ಕೂಟದಲ್ಲಿರುವವರು ಯಾರು?

ಈ ಕೂಟದ ಸದಸ್ಯರನ್ನು ಮೊದಲು ಕ್ರಮವಾಗಿ ಗುರುತಿಸಿದವನು ಫ್ರಾನ್ಸಿನ ರಸಾಯನವಿಜ್ಞಾನಿ ಮಿಶೆಲ್ ಯೂಜೀನ್ ಷೆವ್ರಲ್. ಪ್ರಾಣಿಜನ್ಯ ಕೊಬ್ಬುಗಳನ್ನು ಕುರಿತ ಅವನ ಗ್ರಂಥ ೧೮೨೩ರಲ್ಲಿ ಪ್ರಕಟವಾಯಿತು. ಕೊಬ್ಬುಗಳು ಗ್ಲಿಸರಿನ್ ಮತ್ತು ಕೊಬ್ಬಿನ ಆಮ್ಲಗಳಿಂದ ಆದವು ಎಂದು ಅವನು ತೋರಿಸಿಕೊಟ್ಟನು. ಒಂದು ಪದಾರ್ಥವನ್ನು ಮತ್ತೆ ಮತ್ತೆ ಹರಳುಗಟ್ಟಿಸಿ, ಅದರ ದ್ರವನಬಿಂದು ಇನ್ನು ಬದಲಾಗುವುದಿಲ್ಲವೆಂದು ಕಂಡಾಗಲೇ ಅದು ಶುದ್ಧವಾಯಿತೆಂದು ತಿಳಿಯುವ ಪದ್ಧತಿಯನ್ನು ಅವನು ಬಳಕೆಗೆ ತಂದನು. ನಾವು ಬಟ್ಟೆಯಿಂದ ಮಾಡಿದುದು ಆ ಪದ್ಧತಿಯ ಮೊದಲ ಹೆಜ್ಜೆ ಮಾತ್ರ.

ಕೊಬ್ಬಿನ ಆಮ್ಲಗಳ ದ್ರವನಬಿಂದುಗಳು ಏಕೆ ಭಿನ್ನವಾಗಿವೆ? ಸ್ಟಿಯರಿಕ್ ಆಮ್ಲದಲ್ಲಿಯೂ ಓಲಿಯಿಕ್ ಆಮ್ಲದಲ್ಲಿಯೂ ಇಂಗಾಲದ ಪರಮಾಣುಗಳು ಹದಿನೆಂಟೇ. ಆದರೂ ಮೊದಲನೆಯದು ಸುಮಾರು ೬೯°ಯಲ್ಲಿ ಕರಗುತ್ತದೆ. ಎರಡನೆಯದು ೧೩°ಯಿಂದ ೧೬°ಯೊಳಗೆ ಕರಗುತ್ತದೆ. ಸ್ಟಿಯರಿಕ್ ಆಮ್ಲದ ಸರಪಣಿ ನೇರವಾದುದು. ಓಲಿಯಿಕ್ ಆಮ್ಲದಲ್ಲಿ ಎರಡು ಹೈಡ್ರೊಜನ್ ಪರಮಾಣುಗಳು ಕಡಿಮೆಯಿದ್ದು, ಆ ಸ್ಥಳದಲ್ಲಿ ದ್ವಿಬಂಧವೊಂದು ಏರ್ಪಟ್ಟು ಸರಪಣಿ ಬಾಗಿದೆ. ನೇರವಾದ ಕಡ್ಡಿಗಳನ್ನು ಒತ್ತಾಗಿ ಕಂತೆಕಟ್ಟಬಹುದು, ಡೊಂಕು ಕಡ್ಡಿಗಳನ್ನು ಹಾಗೆ ಕಟ್ಟಲಾಗದು. ಒತ್ತಾಗಿ ಕಟ್ಟಿದ ಕಂತೆಯನ್ನು ಬಿಡಿಸಲು ಹೆಚ್ಚು ಉಷ್ಣತೆ ಬೇಕು. ತುಪ್ಪದಲ್ಲಿ ನೇರ, ಡೊಂಕು, ಗಿಡ್ಡ, ಉದ್ದ, ಹೀಗೆ ಹಲವು ಬಗೆಯ ಸರಪಣಿಗಳಿವೆ; ಆದುದರಿಂದ ಅದು ವಿಶಾಲವಾದ ಅಂತರದಲ್ಲಿ ಕರಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲವೊಂದೇ ಹೆಚ್ಚುಕಡಿಮೆ ಅರ್ಧಭಾಗದಷ್ಟಿದ್ದು, ಉಳಿದವೂ ಬಹುಪಾಲು ಅದಕ್ಕೆ ಸಮೀಪದ ನೆಂಟರು; ಆದುದರಿಂದ ಅದರ ಅಂತರ ಕಿರಿದು. ಉತ್ತರ ಕನ್ನಡದವರು ಕಾಲಿನ ಒಡಕಿಗೆ ಹಚ್ಚುವ ಮುರುಗಲ ತುಪ್ಪದಲ್ಲಿ ಸ್ಟಿಯರಿಕ್ ಆಮ್ಲ ಅಧಿಕ. ಅದು ನಲವತ್ತರ ಸುತ್ತ ಕರಗುವುದರಿಂದ, ಕೊಬ್ಬರಿ ಎಣ್ಣೆ ನೀರಾಗಿರುವ ಕರಾವಳಿಯ ಸೆಕೆಯಲ್ಲಿಯೂ ಗಟ್ಟಿಯಾಗಿಯೇ ಇರುತ್ತದೆ.

ಚಾಕೊಲೇಟಿನ ಚಮತ್ಕಾರ

ದಕ್ಷಿಣ ಕನ್ನಡದ ಅಡಕೆ ತೋಟಗಳಲ್ಲಿ ಕೋಕೊ ಗಿಡವನ್ನು ಬೆಳೆಯುತ್ತಾರೆ. ೧೯೮೬ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ಆರಂಭಿಸಿತು. ಕೋಕೊ ಬೀಜದ ಕೊಬ್ಬು ಸುಮಾರು ೩೪°ಯಲ್ಲಿ ಕರಗುತ್ತದೆ. ನಮ್ಮ ಶರೀರದ ಉಷ್ಣತೆ ೩೭°. ಚಾಕೊಲೇಟು ಕೈಯಲ್ಲಿ ಗಟ್ಟಿಯಾಗಿದ್ದು ಬಾಯಲ್ಲಿ ಕರಗುವ ಸೊಗಸಿಗೆ ಈ ಎರಡು ಸಂಖ್ಯೆಗಳ ನಡುವಣ ಸಣ್ಣ ಅಂತರವೇ ಕಾರಣ.

ಆದರೆ ಒಮ್ಮೆ ಬಿಸಿಲಿನಲ್ಲಿ ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟು ಮೊದಲಿನಂತೆ ಇರುವುದಿಲ್ಲ. ಅದು ಮೆತ್ತಗಿರುತ್ತದೆ, ಕೆಲವು ದಿನಗಳಲ್ಲಿ ಮೇಲ್ಮೈಯಲ್ಲಿ ಬೂದಿಬಣ್ಣದ ಪೊರೆ ಮೂಡುತ್ತದೆ. ಬೂಷ್ಟು ಹಿಡಿಯಿತೆಂದು ಮಕ್ಕಳು ಅದನ್ನು ಬಿಸಾಡುವುದುಂಟು. ಅದು ಬೂಷ್ಟಲ್ಲ, ಕೊಬ್ಬಿನ ಹರಳು. ಒಂದೇ ಕೋಕೊ ಕೊಬ್ಬು ಆರು ವಿಧವಾದ ಹರಳುಗಳನ್ನು ಕಟ್ಟಬಲ್ಲುದೆಂದು ವಿಲ್ ಮತ್ತು ಲಟನ್ ಎಂಬ ವಿಜ್ಞಾನಿಗಳು ೧೯೬೬ರಲ್ಲಿ ವಿವರಿಸಿದರು. ಇವುಗಳ ದ್ರವನಬಿಂದುಗಳು ಸುಮಾರು ೧೭°ಯಿಂದ ೩೬°ವರೆಗೆ ಹರಡಿವೆ. ಕಾರ್ಖಾನೆಯವರು ಚಾಕೊಲೇಟನ್ನು ಹದವಾಗಿ ತಣಿಸಿ, ಸ್ವಲ್ಪ ಕಾಯಿಸಿ, ಕಲಕಿ, ಐದನೆಯ ರೂಪವನ್ನೇ ಪಡೆಯಲು ಶ್ರಮಿಸುತ್ತಾರೆ. ಬಿಸಿಲಿಗೆ ಕರಗಿದ ಚಾಕೊಲೇಟಿನಲ್ಲಿ ಆ ಶ್ರಮ ವ್ಯರ್ಥವಾಗಿರುತ್ತದೆ. ಆದುದರಿಂದ ವಸ್ತು ಯಾವುದೆಂದು ಹೇಳಿದರೆ ಮಾತ್ರ ಸಾಲದು. ಅದರ ಕಣಗಳು ಹೇಗೆ ಜೋಡಿಸಿಕೊಂಡಿವೆ ಎಂಬುದೂ ದ್ರವನಬಿಂದುವನ್ನು ನಿರ್ಣಯಿಸುತ್ತದೆ.

ಸಕ್ಕರೆ: ಕರಗಿತೋ, ಕೆಟ್ಟಿತೋ?

ಸಕ್ಕರೆಗೆ ನೀರು ಬೆರೆಸಿ ಒಂದೆಳೆ ಪಾಕ ಮಾಡುವುದು ದ್ರವಿಸುವಿಕೆಯಲ್ಲ; ಅದು ವಿಲೀನವಾದ ಸಕ್ಕರೆಯ ನೀರನ್ನು ಕುದಿಸಿ ಗಟ್ಟಿಮಾಡುವ ಕ್ರಿಯೆ. ನೀರಿಲ್ಲದ ಒಣ ಬಾಣಲೆಯಲ್ಲಿ ಸಕ್ಕರೆಯನ್ನು ಕಾಯಿಸಿದರೆ ಅದೂ ದ್ರವವಾಗುತ್ತದೆ, ಆದರೆ ಕೂಡಲೇ ಕಂದುಬಣ್ಣಕ್ಕೆ ತಿರುಗಿ ಬೇರೊಂದು ವಾಸನೆಯನ್ನು ಬೀರುತ್ತದೆ. (ಈ ದ್ರವ ಕುದಿಯುವ ನೀರಿಗಿಂತ ಬಹಳ ಬಿಸಿಯಾಗಿದ್ದು ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಇದನ್ನು ಹಿರಿಯರೇ ಮಾಡಿ ತೋರಿಸಬೇಕು; ಮಕ್ಕಳು ದೂರ ನಿಂತು ನೋಡಬೇಕು.) ತಣಿದ ಮೇಲೆ ಸಕ್ಕರೆಯ ಹರಳು ಹಿಂದಕ್ಕೆ ಬರುವುದಿಲ್ಲ; ಗಾಜಿನಂತಹ ಕಂದು ಬಿಲ್ಲೆ ದೊರೆಯುತ್ತದೆ.

ಮಂಜುಗಡ್ಡೆ ಕರಗಿದ ನೀರನ್ನು ತಣಿಸಿದರೆ ಮತ್ತೆ ಮಂಜುಗಡ್ಡೆ ಬರುತ್ತದೆ. ಕರಗಿದ ತುಪ್ಪ ಮತ್ತೆ ತುಪ್ಪವೇ ಆಗುತ್ತದೆ. ಸಕ್ಕರೆ ಹಾಗಲ್ಲ, ಅದು ಕರಗುವಾಗಲೇ ವಿಘಟನೆ ಹೊಂದುತ್ತದೆ. ಸಕ್ಕರೆಯ ದ್ರವನಬಿಂದುವೆಂದು ಬೇರೆ ಬೇರೆ ಪುಸ್ತಕಗಳಲ್ಲಿ ೧೬೦°ಯಿಂದ ೧೯೦°ವರೆಗೆ ಹಲವು ಅಂಕಗಳು ಕಾಣಸಿಗುವುದಕ್ಕೆ ಇದೇ ಕಾರಣ; ಕಾಯಿಸುವ ವೇಗ ಬದಲಾದರೆ ಅಂಕವೂ ಬದಲಾಗುತ್ತದೆ. ಸಕ್ಕರೆಯ ಹರಳು ಕುಸಿಯುವುದಕ್ಕೆ ನಿಜವಾದ ದ್ರವಿಸುವಿಕೆಯಲ್ಲ, ವಿಘಟನೆಯೇ ಕಾರಣವೆಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೧ರಲ್ಲಿ ತಮ್ಮ ಪ್ರಯೋಗಗಳಿಂದ ಪ್ರತಿಪಾದಿಸಿದರು. ಪ್ರತಿ ಮನೆಯಲ್ಲಿಯೂ ಇರುವ ಸಕ್ಕರೆಯ ವಿಷಯದಲ್ಲಿಯೇ ಹೀಗೆ ಹೊಸದಾಗಿ ಅಳೆಯಬೇಕಾದುದು ಉಳಿದಿತ್ತೆಂಬುದು ವಿದ್ಯಾರ್ಥಿಗಳಿಗೆ ಉತ್ಸಾಹಕರವಾದ ಸಂಗತಿ. ಸಕ್ಕರೆಯ ಪಕ್ಕದ ಡಬ್ಬಿಯಲ್ಲಿರುವ ಉಪ್ಪು ಇದಕ್ಕೆ ತದ್ವಿರುದ್ಧ: ಅದು ಕೆಡದೆ ಕರಗುತ್ತದೆ, ಆದರೆ ೮೦೧°ಯಲ್ಲಿ! ಯಾವ ಒಲೆಯ ಮೇಲಿನ ಬಾಣಲೆಯಲ್ಲಿಯೂ ನಾವು ಅದನ್ನು ಕಾಣಲಾರೆವು.

ಪರಿಶುದ್ಧಿಯ ಪರೀಕ್ಷೆ

ಶುದ್ಧವಾದ ಹರಳಿನ ವಸ್ತು ಒಂದೇ ಉಷ್ಣತೆಯಲ್ಲಿ ಕರಗುತ್ತದೆ. ಅದಕ್ಕೆ ಬೇರೊಂದು ವಸ್ತು ಸೇರಿದರೆ ಸಾಮಾನ್ಯವಾಗಿ ಕರಗುವಿಕೆ ಕೆಳಗಿನ ಉಷ್ಣತೆಯಲ್ಲಿಯೇ ಆರಂಭವಾಗುತ್ತದೆ, ಅದರ ಅಂತರವೂ ಅಗಲವಾಗುತ್ತದೆ. ಪುಡಿಮಾಡಿದ ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಉಷ್ಣತೆ ೦°ಗಿಂತ ಬಹಳ ಕೆಳಗಿಳಿಯುತ್ತದೆ. ತಕ್ಕ ಪ್ರಮಾಣದಲ್ಲಿ ಬೆರೆಸಿದಾಗ -೨೧°ವರೆಗೂ ಹೋಗಬಲ್ಲುದು. ಕುಲ್ಫಿಯ ಗಾಡಿಯವರು ಈ ತತ್ತ್ವವನ್ನೇ ಬಳಸುತ್ತಾರೆ. ರಸಾಯನಶಾಲೆಯಲ್ಲಿ ಹೊಸ ವಸ್ತುವನ್ನು ತಯಾರಿಸಿದ ವಿದ್ಯಾರ್ಥಿ ಅದನ್ನು ಸೂಕ್ಷ್ಮನಾಳದಲ್ಲಿ ತುಂಬಿ ಕಾಯಿಸಿ, ಥಟ್ಟನೆ ಕರಗಿದರೆ ಸಂತೋಷಪಡುತ್ತಾನೆ. ಎಳೆದಾಡುತ್ತ ಕರಗಿದರೆ ಮತ್ತೆ ಶುದ್ಧಿಮಾಡಲು ಹೊರಡುತ್ತಾನೆ.

ಹಾಗಾದರೆ ಅಂಗಡಿಯಿಂದ ತಂದ ತುಪ್ಪದ ಶುದ್ಧಿಯನ್ನೂ ಹೀಗೆಯೇ ಪರೀಕ್ಷಿಸಬಹುದಲ್ಲವೇ? "ಅಂಗೈಯಲ್ಲಿಟ್ಟರೆ ತಾನಾಗಿ ಕರಗುವ ತುಪ್ಪ ಅಪ್ಪಟ" ಎಂದು ಹೇಳುವವರು ಬಹಳ ಮಂದಿ. ಮೇಲಿನ ಪ್ರಯೋಗಗಳನ್ನು ಮಾಡಿದವರು ಈ ಮಾತನ್ನು ಒಪ್ಪಲಾರರು. ಶುದ್ಧವಾದ ತುಪ್ಪವೇ ಹತ್ತು ಡಿಗ್ರಿಗಳ ಅಂತರದಲ್ಲಿ ಕರಗುವಾಗ, ಅದರಲ್ಲಿ ಮತ್ತೊಂದು ಕೊಬ್ಬು ಬೆರೆತರೂ ಆ ಅಂತರದಲ್ಲಿ ಸುಲಭವಾಗಿ ಅಡಗಿಕೊಳ್ಳಬಹುದು. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ೧೯೦೨ರಲ್ಲಿ ದ್ರವ ಎಣ್ಣೆಗಳಿಗೆ ಹೈಡ್ರೊಜನನ್ನು ಸೇರಿಸಿ ಗಟ್ಟಿಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಡೊಂಕು ಸರಪಣಿಗಳಿಗೆ ಹೈಡ್ರೊಜನ್ ಸೇರಿದಂತೆ ಅವು ನೇರವಾಗುತ್ತವೆ, ದ್ರವನಬಿಂದು ಏರುತ್ತದೆ. ಎಷ್ಟು ಸೇರಿಸಬೇಕೆಂಬುದನ್ನು ಹತೋಟಿಯಲ್ಲಿಟ್ಟು, ತುಪ್ಪದಂತೆಯೇ ಕರಗುವ ವನಸ್ಪತಿಯನ್ನು ತಯಾರಿಸಲು ಸಾಧ್ಯವಾಯಿತು. ತುಪ್ಪದಂತೆ ಕರಗಲೆಂದೇ ಮಾಡಿದ ವಸ್ತುವನ್ನು ಕರಗಿಸಿ ನೋಡಿ ಪತ್ತೆಹಚ್ಚುವುದು ಹೇಗೆ?

ಆದುದರಿಂದಲೇ ನಮ್ಮ ದೇಶದಲ್ಲಿ ಕಾನೂನು ಬೇರೊಂದು ದಾರಿ ಹಿಡಿಯಿತು. ವನಸ್ಪತಿಯಲ್ಲಿ ಶೇಕಡಾ ೫ರಷ್ಟು ಎಳ್ಳೆಣ್ಣೆ ಸೇರಿರಬೇಕೆಂದು ವಿಧಿಸಿದರು. ಎಳ್ಳೆಣ್ಣೆಯು ಹೈಡ್ರೊಕ್ಲೋರಿಕ್ ಆಮ್ಲ ಮತ್ತು ಫರ್ಫ್ಯೂರಾಲ್‌ಗಳೊಡನೆ ಸೇರಿ ಕೆಂಪುಬಣ್ಣವನ್ನು ಕೊಡುತ್ತದೆ. ವನಸ್ಪತಿ ಬೆರೆತ ತುಪ್ಪ ಈ ಬಣ್ಣದಿಂದ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಹಾಲಿನ ಕೊಬ್ಬಿನಲ್ಲಿ ವಿಶೇಷವಾಗಿರುವ ಬ್ಯುಟಿರಿಕ್ ಮೊದಲಾದ ಗಿಡ್ಡ ಆಮ್ಲಗಳನ್ನು ಅಳೆಯುವ ಪರೀಕ್ಷೆಗಳೂ ಉಂಟು. ಇವು ಪ್ರಯೋಗಶಾಲೆಯ ಕೆಲಸಗಳು. ಅಂಗೈಯ ಪರೀಕ್ಷೆಯನ್ನು ನಂಬಿ ಒಬ್ಬ ಪ್ರಾಮಾಣಿಕ ವ್ಯಾಪಾರಿಯನ್ನು ಕಳ್ಳನೆಂದು ಕರೆಯುವುದೂ, ಕಲಬೆರಕೆಯನ್ನು ಅಪ್ಪಟವೆಂದು ನಂಬಿ ಮಕ್ಕಳಿಗೆ ಉಣಿಸುವುದೂ ಸಮಾನವಾದ ತಪ್ಪುಗಳು. ಯಾವ ಅಳತೆಯಿಂದ ಯಾವ ನಿರ್ಣಯ ಹೊರಡಬಲ್ಲುದು, ಯಾವುದು ಹೊರಡಲಾರದು ಎಂದು ತಿಳಿಯುವುದು ವಿಜ್ಞಾನಶಿಕ್ಷಣದ ಮುಖ್ಯ ಪ್ರಯೋಜನಗಳಲ್ಲಿ ಒಂದು.

ಕರಿಹಲಗೆಯ ಮೇಲೆ ಬರೆದುದು

ಎರಡನೆಯ ಸಲ ಶಾಲೆಗೆ ಹೋದಾಗ, ಹಿಂದಿನ ವಾರ ನಾನು ಬರೆಸಿದ್ದ ವಾಕ್ಯಕ್ಕೆ ಒಂದು ಪದವನ್ನು ಸೇರಿಸಿದೆನು: "ಪ್ರತಿಯೊಂದು ಶುದ್ಧವಾದ, ಹರಳಿನ ರೂಪದ ಘನವಸ್ತುವಿಗೂ" ಎಂದು ತಿದ್ದುವಾಗ ಅದು ಒಂದು ಪದದಲ್ಲಿ ಮುಗಿಯಲಿಲ್ಲ. ಸರಾಸರಿಯನ್ನು ಅಳಿಸಿ ಅದರ ಜಾಗದಲ್ಲಿ ಹೀಗೆ ಬರೆದೆನು: "ತುಪ್ಪ: ೨೯°ಯಲ್ಲಿ ಜಾರತೊಡಗಿತು. ೩೫°ಯಲ್ಲಿ ಬಹುಪಾಲು ಕರಗಿತ್ತು. ೩೮°ಯಲ್ಲಿ ಕೊನೆಯ ಹರಳು ಮಾಯವಾಯಿತು." ಮೂರು ಗುಂಪುಗಳ ಕೆಲಸವೂ ಅದರಲ್ಲಿ ಉಳಿದುಕೊಂಡಿತು.

ವಾಚಕರು ತಮ್ಮ ಮನೆಯ ತಮ್ಮ ತಂಗಿಯರನ್ನು ಜೊತೆಗ ಕೂಡಿಸಿಕೊಂಡು ಈ ಕೆಳಗಿನವನ್ನು ಮಾಡಿ ನೋಡಬಹುದು.

೧. ಬೆಣ್ಣೆಯನ್ನೂ ಅದರಿಂದಲೇ ಕಾಸಿದ ತುಪ್ಪವನ್ನೂ ಒಟ್ಟಿಗೆ ಕಾಯಿಸಿ, ಎರಡರ ಕರಗುವಿಕೆಯನ್ನು ಹೋಲಿಸಿರಿ. ಬೆಣ್ಣೆಯಲ್ಲಿರುವ ನೀರು ಏನಾಗುತ್ತದೆ?

೨. ಒಂದೇ ತುಪ್ಪದ ಅರ್ಧವನ್ನು ಶೀತಕಪೆಟ್ಟಿಗೆಯಲ್ಲಿ ಬೇಗನೆಯೂ ಉಳಿದರ್ಧವನ್ನು ಕಂಬಳಿಯಲ್ಲಿ ಸುತ್ತಿ ನಿಧಾನವಾಗಿಯೂ ತಣಿಸಿರಿ. ಹರಳುಗಳ ಗಾತ್ರವನ್ನು ಹೋಲಿಸಿರಿ.

೩. ಕೊಬ್ಬರಿ ಎಣ್ಣೆಗೆ ಅದರ ಕಾಲುಭಾಗ ಕಡಲೆಕಾಯಿ ಎಣ್ಣೆಯನ್ನು ಬೆರೆಸಿ, ಎರಡನೆಯ ಪ್ರಯೋಗವನ್ನು ಮತ್ತೆ ಮಾಡಿರಿ. ರೇಖೆ ಹೇಗೆ ಬದಲಾಯಿತು? ಕಾಲುಭಾಗದ ಬದಲು ಇಪ್ಪತ್ತರಲ್ಲಿ ಒಂದು ಭಾಗ ಬೆರೆಸಿದರೆ ಆ ಬದಲಾವಣೆಯನ್ನು ನಿಮ್ಮ ಉಷ್ಣಮಾಪಕದಿಂದ ಗುರುತಿಸಬಲ್ಲಿರಾ?

೪. ಪ್ರತಿಯೊಂದು ಅಳತೆಯ ಮುಂದೆ, ಆ ಕ್ಷಣದಲ್ಲಿ ಕಣ್ಣಿಗೆ ಕಂಡುದೇನು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಸಂಖ್ಯೆಯನ್ನು ಮಾತ್ರ ಬರೆದು ಬಿಡಬೇಡಿರಿ.